ಸ್ವರದ ಏಣಿ: ನಲಿ-ಕಲಿ ಕೋಣೆಯಲ್ಲಿ ಹತ್ತು ವಾರ ಸಂಗೀತ ಕಲಿಸಿದ ದಾಖಲೆ

ಜಾಗ: ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 3ನೇ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆ, 24 ಮಕ್ಕಳು. ಕಲಿಸಿದ್ದು ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ) ಎರಡನೇ ವರ್ಷದ ಪ್ರಶಿಕ್ಷಣಾರ್ಥಿ. ಗಂಡು ದನಿ, ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಮಟ್ಟದ ಅಭ್ಯಾಸ. ಶಾಲೆಯಲ್ಲಿ ಹಾರ್ಮೋನಿಯಂ ಇಲ್ಲ, ಸಂಗೀತ ಶಿಕ್ಷಕರೂ ಇಲ್ಲ. ಇದ್ದದ್ದು ಒಂದು ಫೋನು, ಹನ್ನೆರಡು ಜೊತೆ ಕೋಲಾಟದ ಕೋಲು, ಮೂಲೆಯಲ್ಲಿ ನಿಂತಿದ್ದ ಹಳೆಯ ಕಪ್ಪುಹಲಗೆಯ ಮೂರು ಕಾಲಿನ ಸ್ಟ್ಯಾಂಡು. ವಾರಕ್ಕೆ ಮೂರು ದಿನ ಪಾಠ.

ಅಳತೆ, ಖರ್ಚು, ತಪ್ಪು ಎಲ್ಲವನ್ನೂ ಆಯಾ ದಿನ ಬರೆದಿಟ್ಟದ್ದರಿಂದ ಇಲ್ಲಿ ಕೊಡಲು ಆಗಿದೆ. ಸಣ್ಣ ಮಕ್ಕಳಿಗೆ ಹಾಡು ಕಲಿಸಲು ಹೊರಟವರು ಇಲ್ಲಿ ಹೇಳಿದ ಹಾಗೆ ಪೈಪ್ ಕತ್ತರಿಸಿ ವಾದ್ಯ ಮಾಡದಿದ್ದರೂ ಪರವಾಗಿಲ್ಲ, ಮೊದಲ ಮೂರು ವಾರದ ಭಾಗವನ್ನು ಬಿಡದೆ ಓದಲಿ.

1ನೇ ವಾರ: ಸರಳೆ ವರಸೆಯಿಂದ ಶುರುಮಾಡಿದ್ದು

ಪಾಠ ಯೋಜನೆ 40 ನಿಮಿಷದ್ದು. ಮಾಯಾಮಾಳವಗೌಳ ರಾಗದಲ್ಲಿ ಮೊದಲ ಸರಳೆ ವರಸೆ (ಸರಿಗಮ ಏರಿಳಿಸುವ ಮೊದಲ ಪಾಠ), ಜೊತೆಗೆ ಕೈಯಲ್ಲಿ ಎಂಟೆಣಿಕೆಯ ಆದಿತಾಳ. ಸಂಗೀತ ಕಲಿಯಲು ಕೂತವರಿಗೆಲ್ಲ ಪುರಂದರದಾಸರ ಕಾಲದಿಂದ ಬಂದ ದಾರಿ ಇದು ಎಂಬ ಧೈರ್ಯದಲ್ಲಿ ಬರೆದ ಯೋಜನೆ. 11ನೇ ನಿಮಿಷಕ್ಕೆ ಪಾಠ ಮುಗಿದುಹೋಯಿತು. ಮಕ್ಕಳಲ್ಲಿ ಅರ್ಧದಷ್ಟು ಜನ ಕಿರುಚುತ್ತಿದ್ದರು, ಉಳಿದವರು ಬರೀ ಮಾತಾಡಿದ ಹಾಗೆ ‘ಸರಿಗಮ’ ಹೇಳುತ್ತಿದ್ದರು. ಎರಡನೇ ದಿನವೂ ಅದೇ. ಮೂರನೇ ದಿನ ಹಾಡಿಸುವುದನ್ನು ನಿಲ್ಲಿಸಿ, ಎಲ್ಲೆಲ್ಲಿ ಮುರಿಯುತ್ತಿದೆ ಎಂದು ಒಂದೊಂದಾಗಿ ನೋಡಿದ್ದಾಯಿತು.

ಮೊದಲನೆಯದು ಶ್ರುತಿ, ಎಂದರೆ ಹಾಡಿನ ಆಧಾರ ಸ್ವರ. ಗಂಡಸಿನ ದನಿಯಲ್ಲಿ ಬಿಳಿ ಒಂದರ (ಹಾರ್ಮೋನಿಯಂನ ಮೊದಲ ಬಿಳಿ ಮನೆ) ಷಡ್ಜ, ಅಂದರೆ ‘ಸ’, ಸುಮಾರು 131 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ). ಆರೇಳು ವರ್ಷದ ಮಕ್ಕಳಿಗೆ ಆ ಸ್ವರ ಗಂಟಲಲ್ಲೇ ಇಲ್ಲ. ಕೆಲವರು ಕೆಳಗಿಳಿಯಲು ಹೋಗಿ ಗೊರಗೊರ ಎನ್ನುತ್ತಾರೆ, ಕೆಲವರು ಬಿಟ್ಟು ಕೂಗುತ್ತಾರೆ. ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಮೇಲೆ ಹಾಡಬೇಕು ಎಂಬುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ.

ಎರಡನೆಯದು ರಾಗ. ಮಾಯಾಮಾಳವಗೌಳದಲ್ಲಿ ಸ ಮತ್ತು ಅದರ ರಿ (ಶುದ್ಧ ರಿಷಭ) ನಡುವೆ ಅರ್ಧ ಸ್ವರದ ಅಂತರ. ದೊಡ್ಡವರಿಗೆ ಕಿವಿ ತಿದ್ದಲು ಅದು ಒಳ್ಳೆಯ ಅಭ್ಯಾಸ. ಇನ್ನೂ ದನಿಯನ್ನು ಮೇಲೆ ಕೆಳಗೆ ಮಾಡುವುದೇ ಗೊತ್ತಿಲ್ಲದ ಮಗುವಿಗೆ ಸ-ರಿ ಎರಡೂ ಒಂದೇ.

ಮೂರನೆಯದು ತಾಳ. ಲಘುವಿನ (ಆದಿತಾಳದ ಮೊದಲ ನಾಲ್ಕೆಣಿಕೆ) ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಕೆ 1ನೇ ತರಗತಿಯವರ ಕೈಗೆ ಬಗ್ಗುವುದಿಲ್ಲ. ಉಂಗುರಬೆರಳೊಂದನ್ನೇ ಮಡಿಸಲು ಹೋದರೆ ಇಡೀ ಅಂಗೈ ಮುಚ್ಚುತ್ತದೆ. ಅದರ ಮೇಲೆ ಕಣ್ಣಿಟ್ಟ ಮಗು ಹಾಡನ್ನು ಮರೆಯುತ್ತದೆ.

ನಾಲ್ಕನೆಯದು ಕಾಲ, ಎಂದರೆ ವೇಗ. ಮೆಟ್ರೊನೋಮ್ (ಸಮಗತಿಯಲ್ಲಿ ಟಿಕ್ ಎನ್ನುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟಿತ್ತು. ನಿಧಾನವಾದರೆ ಸುಲಭ ಎಂದುಕೊಂಡದ್ದು ತಪ್ಪು. ಸಣ್ಣ ಮಕ್ಕಳ ನಡಿಗೆ, ಚಪ್ಪಾಳೆ ಎಲ್ಲ ದೊಡ್ಡವರಿಗಿಂತ ಚುರುಕು. 60ರಲ್ಲಿ ಅವರು ಕಾಯಲಾರದೆ ಮುಂದೆ ಓಡುತ್ತಾರೆ. 112ಕ್ಕೆ ಏರಿಸಿದ ದಿನವೇ ಚಪ್ಪಾಳೆ ಒಟ್ಟಿಗೆ ಬಿತ್ತು.

ಐದನೆಯ ತಪ್ಪು ಗೊತ್ತಾದದ್ದು ಐದನೇ ವಾರದಲ್ಲಿ. ಅದು ಮುಂದೆ ಬರುತ್ತದೆ, ಎಲ್ಲಕ್ಕಿಂತ ದುಬಾರಿಯಾದದ್ದೂ ಅದೇ.

2ನೇ ವಾರ: ಶ್ರುತಿ, ನಡಿಗೆ

ಷಡ್ಜವನ್ನು ಎರಡನೇ ಮನೆಗೆ (ಹಾರ್ಮೋನಿಯಂನ ಬಿಳಿ ಎರಡು) ತಂದು, ಮಕ್ಕಳ ಸ್ಥಾಯಿಯಲ್ಲಿ ಎಂದರೆ 294 ಹರ್ಟ್ಜ್‌ನಲ್ಲಿ ನಿಲ್ಲಿಸಲಾಯಿತು. ಹಾಗೆ ಮಾಡಿದರೆ ಮುಂದೆ ಆರಿಸಿದ ಮೋಹನ ರಾಗದ ಸ-ರಿ-ಗ-ಪ-ದ ಐದೂ ಸ್ವರ 294ರಿಂದ 490ರ ಒಳಗೆ ಬರುತ್ತವೆ. ಈ ವಯಸ್ಸಿನವರಿಗೆ ಎಳೆದಾಡದೆ ಹಾಡಲು ಸಿಗುವ ಜಾಗ ಇದು.

ಶ್ರುತಿ ನುಡಿಸುವ ತಂಬೂರಿ ಆ್ಯಪ್‌ನಲ್ಲಿ ಒಂದು ತೊಂದರೆ: ಕೆಳಸ್ಥಾಯಿ ಆರಿಸಿದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಷಡ್ಜ ಕೇಳುವುದೇ ಇಲ್ಲ, ಬರೀ ಝೇಂಕಾರ ಕೇಳುತ್ತದೆ. ಮೇಲಿನ ಸ್ಥಾಯಿ ಆರಿಸಿ, ಫೋನನ್ನು ಖಾಲಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿದರೆ ಕೋಣೆಗೆ ಸಾಕಾಗುತ್ತದೆ. ಫ್ಯಾನ್ ಆಫ್ ಮಾಡಲೇಬೇಕು.

ಗಂಡಸು ಕಲಿಸುವಾಗ ಹಾಡಿ ತೋರಿಸುವುದು ಹೇಗೆ? ಮೂರು ದಾರಿ ಪ್ರಯತ್ನಿಸಿದ್ದು. ಕಳ್ಳದನಿಯಲ್ಲಿ (ಗಂಟಲು ತೆಳ್ಳಗೆ ಮಾಡಿದ ದನಿ) ಮೇಲೆ ಹಾಡಿದರೆ ಮಕ್ಕಳು ನಕ್ಕರು, ಆದರೆ ನಾಲ್ಕೇ ದಿನಕ್ಕೆ ಅಭ್ಯಾಸವಾಯಿತು. ಒಂದೆರಡು ಸ್ವರಕ್ಕೆ ಇದೇ ಒಳ್ಳೆಯದು. ರೆಕಾರ್ಡಿಂಗ್ ಹಾಕಿದರೆ ಮಕ್ಕಳು ಫೋನು ನೋಡುತ್ತಾರೆ, ಹಾಡುವುದಿಲ್ಲ. ಸರಿಯಾಗಿ ಹಾಡುವ ಒಂದು ಮಗುವನ್ನು ಮುಂದೆ ನಿಲ್ಲಿಸಿದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಮಕ್ಕಳು ಮಕ್ಕಳ ದನಿಯನ್ನು ಬೇಗ ಹಿಡಿಯುತ್ತಾರೆ.

ಮುಖ್ಯವಾದ ಒಂದು ನಿಯಮ ಈ ವಾರ ಬಂತು: ಮಕ್ಕಳು ಹಾಡುವಾಗ ಕಲಿಸುವವರು ಹಾಡಬಾರದು. ಜೊತೆಗೆ ಹಾಡಿದರೆ ಯಾರು ತಪ್ಪುತ್ತಿದ್ದಾರೆ ಎಂಬುದೇ ಕೇಳುವುದಿಲ್ಲ, ಮಕ್ಕಳೂ ದೊಡ್ಡ ದನಿಯ ಮರೆಯಲ್ಲಿ ನಿಂತುಬಿಡುತ್ತಾರೆ. ನಾವು ಹಾಡುವುದು, ನಿಲ್ಲಿಸುವುದು, ಕೇಳುವುದು. ಬರೆಯಲು ಸುಲಭ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಎರಡು ವಾರ ಹಿಡಿಯಿತು.

ತಾಳಕ್ಕೆ ಬೆರಳೆಣಿಕೆ ಬಿಟ್ಟು ಕಾಲನ್ನು ತೆಗೆದುಕೊಂಡದ್ದು. ಜಮಖಾನದ ಸುತ್ತ ‘ತಕದಿಮಿ’ ಎಂದು ನಾಲ್ಕು ಹೆಜ್ಜೆ, ನಿಂತು ನಾಲ್ಕು ಚಪ್ಪಾಳೆ. ಎಂಟಾಯಿತು. ಆದಿತಾಳದ ಹೆಸರು ಹೇಳಲಿಲ್ಲ, ಎಣಿಕೆ ಮಾತ್ರ ಮೈಗೆ ಹತ್ತಿತು.

3ನೇ ವಾರ: ಕಡಲೆ, ಗಸಗಸೆ, ಅಕ್ಕಿಯಲ್ಲಿ ಎಡವಿದ್ದು

ಜತಿಗಳನ್ನು (ತಕ, ತಕಿಟದಂಥ ತಾಳದ ಸೊಲ್ಲು) ಅಡುಗೆಮನೆಯ ಹೆಸರಿಗೆ ಕಟ್ಟಿದ್ದು. ಮೊದಲ ದಿನ ಆರಿಸಿದ ಪದಗಳು ಅಕ್ಕಿ, ರಾಗಿ, ಬೆಲ್ಲ. ಚಪ್ಪಾಳೆ ಎರಡು ಗುಂಪಾಗಿ ಒಡೆಯಿತು. ಕಾರಣ ನಮ್ಮ ಛಂದಸ್ಸಿನಲ್ಲೇ ಇದೆ: ‘ಅಕ್ಕಿ’ಯಲ್ಲಿ ಉಚ್ಚಾರಣೆ ಎರಡು, ಮಾತ್ರೆ ಮೂರು. ‘ರಾಗಿ’ಯೂ ಹಾಗೇ. ಕೆಲವು ಮಕ್ಕಳು ಬಾಯಿಗೆ ಬಂದಷ್ಟು ತಟ್ಟಿದರು, ಕೆಲವರು ಎಳೆದ ಉದ್ದಕ್ಕೂ ತಟ್ಟಿದರು. ಇಬ್ಬರೂ ಸರಿ, ಪದಗಳ ಆಯ್ಕೆ ತಪ್ಪು.

ಮರುದಿನ ಬರೀ ಲಘು (ಒಂದೇ ಮಾತ್ರೆಯ) ಅಕ್ಷರಗಳಿರುವ ಪದಗಳನ್ನೇ ಹುಡುಕಿ ಹಾಕಿದ್ದು:

ತಕ: ಹುಳಿ
ತಕಿಟ: ಕಡಲೆ, ಹುಣಸೆ, ಅವರೆ
ತಕದಿಮಿ: ಗಸಗಸೆ
ತಕತಕಿಟ: ಹಸಿಕಡಲೆ
ತಕಿಟತಕದಿಮಿ: ಹುಣಸೆ ಗಸಗಸೆ

ಒಂದಕ್ಷರಕ್ಕೆ ಒಂದು ತಟ್ಟು. ಗೊಂದಲವೇ ಉಳಿಯಲಿಲ್ಲ. ನೆಲದ ಮೇಲೆ ಹುಣಸೆ ಬೀಜ ಜೋಡಿಸಿ ಓದಿಸಿದ್ದು ಇದರ ಮುಂದಿನ ಹೆಜ್ಜೆ: ಮೂರು ಬೀಜ, ಸ್ವಲ್ಪ ಜಾಗ, ನಾಲ್ಕು ಬೀಜ. ಮೂರನೇ ತರಗತಿಯವರು ಎರಡನೇ ದಿನಕ್ಕೇ ತಮ್ಮದೇ ಸಾಲು ಜೋಡಿಸಿ ಪಕ್ಕದವರಿಗೆ ಓದಲು ಕೊಟ್ಟರು. ‘ಹುಣಸೆ ಗಸಗಸೆ’ಯ ಏಳನ್ನು ಒಂದನೇ ತರಗತಿಯ ಮಕ್ಕಳು ತಪ್ಪಿಲ್ಲದೆ ತಟ್ಟಿದರು. ಅದನ್ನೇ ‘ಏಳರ ತಾಳ’ ಎಂದು ಹೇಳಿ ಎಣಿಸಿ ತಟ್ಟಲು ಹೇಳಿದರೆ ಬರುವುದಿಲ್ಲ. ಅಕ್ಕಿ, ರಾಗಿ ವ್ಯರ್ಥವಾಗಲಿಲ್ಲ. ಎಂಟನೇ ವಾರದಲ್ಲಿ ‘ಎಳೆದು ಹೇಳುವ ಪದ’ ಎಂದು ಬೇರೆಯಾಗಿ ತಂದಾಗ ಮೊದಲ ತಟ್ಟಾದ ಮೇಲೆ ಕೈಯನ್ನು ಅಷ್ಟು ಹೊತ್ತು ಜಾರಿಸುವ ಅಭ್ಯಾಸಕ್ಕೆ ಒದಗಿದವು.

3-4ನೇ ವಾರ: ಸ್ವರಕ್ಕೊಂದು ವಾದ್ಯ

ಮೊದಲ ಪ್ರಯತ್ನ, ನೀರು ತುಂಬಿದ ಸ್ಟೀಲ್ ಲೋಟ. ನೀರು ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ಒಂದೇ ಅಳತೆಯ ಲೋಟಗಳಲ್ಲಿ ನಾಲ್ಕು ಸ್ವರದವರೆಗೆ ಸಿಕ್ಕಿತು, ಆಚೆಗೆ ಸಿಗಲಿಲ್ಲ. ಪ್ರತಿ ಸಲ ಶ್ರುತಿ ಕೂಡಿಸಲು 15 ನಿಮಿಷ. ಅಷ್ಟರಲ್ಲಿ ಒಬ್ಬರು ಬೆರಳದ್ದುತ್ತಾರೆ, ಒಬ್ಬರು ಪಂಚಮವನ್ನು ಕುಡಿಯುತ್ತಾರೆ. ಎರಡು ದಿನಕ್ಕೆ ಕೈಬಿಟ್ಟದ್ದು.

ಎರಡನೇ ಪ್ರಯತ್ನ, ವೈರಿಂಗ್ ಕೆಲಸದಲ್ಲಿ ಉಳಿದಿದ್ದ ಕಬ್ಬಿಣದ ಕಾಂಡ್ಯೂಟ್ ಪೈಪು. ನಾದ ಬರುತ್ತದೆ, ಆದರೆ ಉದ್ದಕ್ಕೂ ಬೆಸುಗೆಯ ಗೆರೆ ಇರುವುದರಿಂದ ಒಂದೇ ಹೊಡೆತಕ್ಕೆ ಹತ್ತಿರ ಹತ್ತಿರದ ಎರಡು ಸ್ವರ ಎದ್ದು ಅಲೆ ಅಲೆಯಾಗಿ ಕೇಳುತ್ತದೆ. ಪೈಪನ್ನು ತಿರುಗಿಸಿ ಹೊಡೆದರೆ ಸ್ವಲ್ಪ ಕಡಿಮೆಯಾಗುತ್ತದೆ. ಮಕ್ಕಳ ಕೈಗೆ ಕೊಡುವಾಗ ಅದನ್ನು ನೆಚ್ಚಲಾಗದು. ಪಿವಿಸಿ ಪೈಪು ಟೊಕ್ ಟೊಕ್ ಎನ್ನುತ್ತದೆ ಅಷ್ಟೇ.

ಮೂರನೆಯದು ಅಲ್ಯೂಮಿನಿಯಂ. ಕಿಟಕಿ-ಬಾಗಿಲು ಮಾಡುವ ಅಂಗಡಿಯಲ್ಲಿ 12 ಅಡಿ ಉದ್ದದ ದುಂಡು ಪೈಪು, ಹೊರ ಅಡ್ಡಳತೆ 19 ಮಿ.ಮೀ., ಗೋಡೆ 1.2 ಮಿ.ಮೀ. ಇದೇ ಉಳಿಯಿತು.

ರಾಗ ಮೋಹನ: ಸ ರಿ ಗ ಪ ದ ಸ. ಮಧ್ಯಮ (ಮ), ನಿಷಾದ (ನಿ) ಇಲ್ಲದ್ದರಿಂದ ಅರ್ಧ ಸ್ವರದ ಅಂತರ ಎಲ್ಲೂ ಬರುವುದಿಲ್ಲ. ಯಾವ ಎರಡು ಪೈಪು ಒಟ್ಟಿಗೆ ಹೊಡೆದರೂ ಕಿವಿಗೆ ಕಚ್ಚುವುದಿಲ್ಲ, ತಪ್ಪಿ ಹೊಡೆದ ಮಗುವಿಗೆ ಗದರಿಕೆ ಬೀಳುವುದಿಲ್ಲ. ಉತ್ತರ ಕರ್ನಾಟಕದವರು ಇದನ್ನೇ ಹಿಂದೂಸ್ತಾನಿಯ ಭೂಪ್ ಎಂದುಕೊಂಡು ಮಾಡಬಹುದು, ಅಳತೆ ಬದಲಾಗದು. ಪೈಪಿನ ಷಡ್ಜ 587 ಹರ್ಟ್ಜ್, ಮಕ್ಕಳ ಷಡ್ಜಕ್ಕಿಂತ ಒಂದು ಸ್ಥಾಯಿ ಮೇಲೆ. ಅದೇ ಸ್ಥಾಯಿಗೆ ಮಾಡಿದರೆ ಪೈಪು 62 ಸೆಂ.ಮೀ. ಆಗುತ್ತದೆ, ಸದ್ದೂ ಕುಗ್ಗುತ್ತದೆ.

ಮೊದಲ ಷಡ್ಜ 440 ಮಿ.ಮೀ.ಗೆ ನಿಲ್ಲಿಸಿದಾಗ 579 ತೋರಿಸಿತು. ಅರದಿಂದ ಉಜ್ಜಿ 437ಕ್ಕೆ ತಂದಾಗ 587. ಉಳಿದವನ್ನೆಲ್ಲ ಈ 437ರಿಂದಲೇ ಲೆಕ್ಕ ಹಾಕಿದ್ದು: ಸ್ವರದ ಅನುಪಾತದ ವರ್ಗಮೂಲದಿಂದ ಉದ್ದವನ್ನು ಭಾಗಿಸಬೇಕು. ಪಂಚಮ ಒಂದೂವರೆ ಪಟ್ಟು ಎಂದು ಉದ್ದವನ್ನೂ ಒಂದೂವರೆಯಿಂದ ಭಾಗಿಸಿದರೆ ಕೊಳಲಿಗೆ ಸರಿ, ಹೊಡೆದು ನುಡಿಸುವ ಪೈಪಿಗೆ ಪೂರ್ತಿ ತಪ್ಪು. ಕೊನೆಗೆ ನಿಂತ ಅಳತೆಗಳು, ಮಿ.ಮೀ.ಗಳಲ್ಲಿ, ಜೊತೆಗೆ ಎರಡೂ ತುದಿಯಿಂದ ದಾರ ಪೋಣಿಸುವ ತೂತಿನ ದೂರ:

ಸ: ಉದ್ದ 437, ತೂತು 98, 587 ಹರ್ಟ್ಜ್
ರಿ: 412, ತೂತು 92, 660
ಗ: 391, ತೂತು 88, 734
ಪ: 357, ತೂತು 80, 880
ದ: 338.5, ತೂತು 76, 978
ಮೇಲಿನ ಸ: 309, ತೂತು 69, 1174

ಪೈಪು ಬೇರೆ ದಪ್ಪದ್ದಾದರೆ ಈ ಉದ್ದಗಳು ನಡೆಯುವುದಿಲ್ಲ. ಷಡ್ಜವನ್ನು ಮೊದಲು ಕತ್ತರಿಸಿ, ಶ್ರುತಿಗೆ ತಂದು, ಅಲ್ಲಿಂದ ಲೆಕ್ಕ ಹಾಕಬೇಕು. ತೂತು ಮಾತ್ರ ಯಾವ ಪೈಪಿಗಾದರೂ ಉದ್ದದ ಶೇ. 22.4ರಲ್ಲೇ.

ಕತ್ತರಿಸುವಾಗ ಆದದ್ದು:

ರಿಷಭವನ್ನು ಗೆರೆಯ ಮೇಲೇ 412ಕ್ಕೆ ಕತ್ತರಿಸಿದ್ದು ತಪ್ಪು. ತುದಿಯ ಮುಳ್ಳು ಉಜ್ಜುವಷ್ಟರಲ್ಲಿ 409.5 ಆಗಿ 668ಕ್ಕೆ ಏರಿತು. ಕತ್ತರಿಸಿದ ಪೈಪನ್ನು ಉದ್ದ ಮಾಡಲಾಗದು. ಅದೇ ತುಂಡನ್ನು ಗಾಂಧಾರ ಮಾಡಿ, ರಿಷಭಕ್ಕೆ ಹೊಸ ತುಂಡು ತೆಗೆದದ್ದು. ನಷ್ಟ 2 ಸೆಂ.ಮೀ.ಗಿಂತ ಕಡಿಮೆ. ಉದ್ದದ ಪೈಪಿನಿಂದ ಶುರುಮಾಡಬೇಕು ಎನ್ನುವುದು ಇದಕ್ಕೇ: ಕೆಟ್ಟದ್ದು ಮುಂದಿನ ಸ್ವರವಾಗುತ್ತದೆ. ಎಲ್ಲವನ್ನೂ 5 ಮಿ.ಮೀ. ಹೆಚ್ಚಿಗೆ ಕತ್ತರಿಸಿ, ಅರದಿಂದ ಇಳಿಸುವುದು.

ಷಡ್ಜಕ್ಕೆ ಮೊದಲು ತೂತು ಕೊರೆದದ್ದು ತುದಿಯಿಂದ 1 ಸೆಂ.ಮೀ.ಗೆ. ದಾರ ಕಟ್ಟಿ ಹೊಡೆದರೆ ನಾದ ಸತ್ತುಹೋಯಿತು. ಪೈಪು ಅಲುಗುವಾಗ ತುದಿಗಳೇ ಹೆಚ್ಚು ಅಲುಗುತ್ತವೆ, ಅಲ್ಲಿ ಹಿಡಿದರೆ ಉಸಿರು ಕಟ್ಟಿದ ಹಾಗೆ. ಉದ್ದದ ಶೇ. 22.4ರ ಜಾಗದಲ್ಲಿ ಅಲುಗಾಟವಿಲ್ಲ, ದಾರ ಅಲ್ಲೇ ಹೋಗಬೇಕು. ಹಳೆಯ ತೂತುಗಳು ಹಾಗೇ ಉಳಿದಿವೆ, ಕೇಳುವಷ್ಟು ವ್ಯತ್ಯಾಸವಿಲ್ಲ.

ತೂತು 3 ಮಿ.ಮೀ., ಮೇಲಿನಿಂದ ಕೆಳಕ್ಕೆ ಎರಡೂ ಗೋಡೆ ದಾಟಿ. ಮೊದಲು ತೂತು, ಆಮೇಲೆ ಕೊನೆಯ ಅರ. ತೂತು ಕೊರೆದರೆ ಸ್ವರ ಒಂದೆರಡು ಹರ್ಟ್ಜ್ ಕದಲುತ್ತದೆ. ತೂತಿನ ಅಂಚನ್ನು ಸ್ಯಾಂಡ್‌ಪೇಪರ್ ಸುರುಳಿ ಮಾಡಿ ಒಳಗಿನಿಂದಲೂ ಉಜ್ಜಬೇಕು. ಉಜ್ಜದೆ ಬಿಟ್ಟದ್ದರಿಂದ ಒಂಬತ್ತನೇ ವಾರ ಪಂಚಮದ ದಾರ ಕತ್ತರಿಸಿ ಪೈಪು ಕೆಳಗೆ ಬಿತ್ತು. ಹತ್ತಿರ ಮಕ್ಕಳಿರಲಿಲ್ಲ. ಹೊಸ ದಾರ ಹಾಕುವ ಮುನ್ನ ಎಲ್ಲ ಹನ್ನೆರಡು ತೂತಿನ ಅಂಚನ್ನೂ ಉಜ್ಜಿದ್ದಾಯಿತು.

ಟ್ಯೂನರ್ ಆ್ಯಪ್ ಬಳಸುವಾಗ ಪೈಪಿನ ನಟ್ಟನಡುವೆ ಮೆಲ್ಲಗೆ ಹೊಡೆಯಬೇಕು. ತುದಿಯ ಕಡೆ ಹೊಡೆದರೆ ಮೇಲಿನ ಉಪಸ್ವರವನ್ನು ಹಿಡಿದು ಆ್ಯಪ್ ಸುಳ್ಳು ತೋರಿಸುತ್ತದೆ. ಗಾಂಧಾರದಲ್ಲಿ ಅದು ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್), ಧೈವತದಲ್ಲಿ 16 ಸೆಂಟ್ ಕಡಿಮೆ ಎಂದು ಕೆಂಪು ತೋರಿಸಿದರೆ ಹೆದರಿ ಉಜ್ಜಬಾರದು. ಆ್ಯಪ್ ಪಿಯಾನೋದ ಲೆಕ್ಕದಲ್ಲಿ ನೋಡುತ್ತದೆ, ತಂಬೂರಿಯ ಜೊತೆ ಕೂಡುವುದು ಈ ಇಳಿದ ಸ್ವರವೇ. ಹರ್ಟ್ಜ್ ನೋಡಿ, ಕೊನೆಗೆ ತಂಬೂರಿ ಹಾಕಿ ಕಿವಿಯಲ್ಲಿ ಕೇಳಿ.

ಹೊಡೆಯುವ ಕೋಲು: ಚಮಚ ಕಿವಿಗೆ ಕರ್ಕಶ, ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಸದ್ದೇ ಇಲ್ಲ. 22 ಸೆಂ.ಮೀ. ಬಿದಿರು ಕಡ್ಡಿಯ ತುದಿಗೆ ಹಳೆಯ ಸೈಕಲ್ ಟ್ಯೂಬನ್ನು 1.5 ಸೆಂ.ಮೀ. ಅಗಲಕ್ಕೆ ಸೀಳಿ ಬಿಗಿಯಾಗಿ ಆರು ಸುತ್ತು. ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಕ್ಕಿತು. ಎರಡೇ ಕೋಲು ಮಾಡಿ. ಮೂರನೆಯದು ಜಗಳಕ್ಕೆ.

5ನೇ ವಾರ: ಅಡ್ಡ ಜೋಡಿಸಿ ಕೆಡಿಸಿದ್ದು

ಪೈಪುಗಳನ್ನು ಎರಡು ಹಗ್ಗದ ಮೇಲೆ ನೆಲದಲ್ಲಿ ಅಡ್ಡಲಾಗಿ, ಎಡದಿಂದ ಬಲಕ್ಕೆ ಜೋಡಿಸಿದ್ದು. ನಾದ ಚೆನ್ನಾಗಿತ್ತು, ನೋಡಲೂ ಚೆನ್ನಾಗಿತ್ತು. ಪಾಠ ಮಾತ್ರ ಮುಂದೆ ಹೋಗಲಿಲ್ಲ. ‘ಮೇಲಿನ ಸ್ವರ ಹೊಡಿ’ ಎಂದರೆ ಮಗು ಪೈಪಿನ ಮೇಲ್ಭಾಗಕ್ಕೆ ಹೊಡೆಯಿತು. ‘ದನಿ ಏರಿಸು’ ಎಂದರೆ ಎಲ್ಲರೂ ಕಿರುಚಿದರು. ‘ಇಳಿಸು’ ಎಂದರೆ ಪಿಸುಗುಟ್ಟಿದರು.

ಇದೇ ಐದನೆಯ ತಪ್ಪು. ಮನೆಯಲ್ಲಿ, ಬೀದಿಯಲ್ಲಿ ನಾವು ‘ದನಿ ಏರಿಸಬೇಡ’ ಎನ್ನುವುದು ಜೋರು ಮಾಡಬೇಡ ಎಂಬ ಅರ್ಥದಲ್ಲಿ. ಸ್ವರದ ಎತ್ತರಕ್ಕೂ ಅದೇ ಮಾತು ಬಳಸಿದರೆ ಮಗು ತನಗೆ ಗೊತ್ತಿರುವ ಅರ್ಥವನ್ನೇ ಹಿಡಿಯುತ್ತದೆ. ಮೊದಲ ವಾರದ ಕಿರುಚಾಟಕ್ಕೆ ಶ್ರುತಿಯಷ್ಟೇ ಈ ಮಾತೂ ಕಾರಣ. ನಾಲ್ಕು ವಾರ ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದರು. ಕಿವಿ ಮಂದ ಎಂದು ಅವರ ಹೆಸರಿನ ಮುಂದೆ ಹಾಕಿದ್ದ ಗುರುತುಗಳನ್ನು ಅಂದು ಹೊಡೆದುಹಾಕಬೇಕಾಯಿತು.

ಪದಗಳನ್ನು ಬೇರೆ ಮಾಡಿದ್ದು ಹೀಗೆ: ಸದ್ದಿಗೆ ‘ಜೋರು, ಮೆಲ್ಲಗೆ’. ಸ್ವರಕ್ಕೆ ಮೊದಲು ಮಕ್ಕಳೇ ಬಳಸುವ ‘ದಪ್ಪ ದನಿ, ಸಣ್ಣ ದನಿ’. ಮೇಲೆ, ಕೆಳಗೆ ಎಂಬ ಮಾತು ಏಣಿ ಬರುವವರೆಗೆ ಬಂದ್.

6ನೇ ವಾರ: ಏಣಿ

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಕಲಿಕಾ ಏಣಿ ಎಂಬುದು ಮಕ್ಕಳಿಗೆ ದಿನವೂ ಕಾಣುವ ವಸ್ತು. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗು ತಾನೇ ಹುಡುಕುತ್ತದೆ. ಪೈಪುಗಳನ್ನೂ ಹಗ್ಗದ ಏಣಿಯ ಹಾಗೆ ಕಟ್ಟಿದರೆ ‘ಮೇಲೆ’ ಎಂಬ ಮಾತಿಗೆ ಕಣ್ಣಿಗೆ ಕಾಣುವ ಅರ್ಥ ಬರುತ್ತದೆ ಎಂಬ ಲೆಕ್ಕ.

ಮೊದಲು ಕೋಣೆಯ ಚಪ್ಪರದ (ಮಕ್ಕಳ ಚಿತ್ರ ತೂಗುಹಾಕಲು ತಲೆಯ ಮೇಲೆ ಕಟ್ಟಿದ ದಾರಗಳ) ದಾರಕ್ಕೆ ಕಟ್ಟಿದ್ದು. ಆರು ಪೈಪಿನ ತೂಕ 400 ಗ್ರಾಂ ಚಿಲ್ಲರೆ, ಚಪ್ಪರ ಜೋತುಬಿದ್ದು ಮಕ್ಕಳ ಚಿತ್ರಗಳೆಲ್ಲ ಕೆಳಗೆ ಬಂದವು. ಗೋಡೆಯ ಮೊಳೆಗೆ ಹಾಕಿದರೆ ಪೈಪು ಗೋಡೆಗೆ ತಾಗಿ ಗರಗರ ಎಂದಿತು. ಕೊನೆಗೆ ಆ ಹಳೆಯ ಕಪ್ಪುಹಲಗೆಯ ಸ್ಟ್ಯಾಂಡ್. ಅದರ ಮುಂದಿನ ಎರಡು ಕಾಲು ಮೇಲೆ ಹೋದಂತೆ ಹತ್ತಿರ ಬರುತ್ತವೆ. ಪೈಪುಗಳ ತೂತಿನ ಅಂತರವೂ ಷಡ್ಜದಲ್ಲಿ 241 ಮಿ.ಮೀ. ಇದ್ದದ್ದು ಮೇಲಿನ ಷಡ್ಜದಲ್ಲಿ 171ಕ್ಕೆ ಇಳಿಯುತ್ತದೆ. ಎರಡೂ ಒಂದಕ್ಕೊಂದು ಹೊಂದಿದವು.

2 ಮಿ.ಮೀ. ನೈಲಾನ್ ದಾರ ಎರಡು, ಪ್ರತಿ ಪೈಪಿನ ಕೆಳಗೆ ಗಂಟು. ಷಡ್ಜ ಅತಿ ಕೆಳಗೆ, ನೆಲದಿಂದ 50 ಸೆಂ.ಮೀ. ಮೇಲಿನ ಷಡ್ಜ 98 ಸೆಂ.ಮೀ. ಒಂದನೇ ತರಗತಿಯ ಮಗು ಕಾಲ್ಬೆರಳ ಮೇಲೆ ನಿಲ್ಲದೆ ಹೊಡೆಯಬಹುದು. ಮೆಟ್ಟಿಲುಗಳ ಅಂತರ ಸಮವಲ್ಲ: ಸ-ರಿ, ರಿ-ಗ, ಪ-ದ ನಡುವೆ 8 ಸೆಂ.ಮೀ.; ಗ-ಪ ಮತ್ತು ದ-ಸ ನಡುವೆ 12. ಮಧ್ಯಮ, ನಿಷಾದದ ಜಾಗ ಖಾಲಿ ಇದೆ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ, ಮಗುವಿಗೆ ಆ ನೆಗೆತ ಕಾಣುತ್ತದೆ. ದಾರದ ಕೆಳತುದಿಯನ್ನು ಹಲಗೆ ಕೂರುವ ಅಡ್ಡಪಟ್ಟಿಗೆ ಬಿಗಿಯಾಗಿ ಕಟ್ಟಬೇಕು, ಸಡಿಲ ಬಿಟ್ಟರೆ ಹೊಡೆದ ಪೈಪು ತೂಗಾಡಿ ಎರಡನೇ ಹೊಡೆತ ತಪ್ಪುತ್ತದೆ. ಸ್ಟ್ಯಾಂಡಿನ ಹಿಂಗಾಲಿಗೆ ಇಟ್ಟಿಗೆ ಒತ್ತಾಗಿ ಇಡಲೇಬೇಕು.

ಮೊದಲ ದಿನ ಮಕ್ಕಳಿಗೆ ಏನೂ ಹೇಳದೆ ಒಬ್ಬೊಬ್ಬರಿಗೆ ಕೆಳಗಿನಿಂದ ಮೇಲಕ್ಕೆ ಒಂದು ಸಲ, ಮೇಲಿನಿಂದ ಕೆಳಕ್ಕೆ ಒಂದು ಸಲ ಹೊಡೆಯಲು ಬಿಟ್ಟದ್ದು. ಇಳಿಯುವಾಗ ಕೂತಿದ್ದ ಮಕ್ಕಳ ತಲೆಗಳೂ ಪೈಪಿನ ಜೊತೆ ಬಾಗಿದವು. ಆ ದಿನ ‘ಮೇಲೆ’ ಎಂಬ ಪದ ವಾಪಸು ಬಂತು.

6-10ನೇ ವಾರ: ಹಾಡಿಸಿದ ಕ್ರಮ

ಸ್ವರ ಕಲಿಸಿದ ಸಾಲು: ಪ-ಗ, ಆಮೇಲೆ ದ, ಆಮೇಲೆ ಸ, ಕೊನೆಗೆ ರಿ. ಷಡ್ಜದಿಂದ ಶುರುವಾಗಲಿಲ್ಲ ಎಂದು ಸಂಗೀತ ಕಲಿತವರಿಗೆ ಇರುಸುಮುರುಸಾಗಬಹುದು. ಆದರೆ ಮಕ್ಕಳು ಆಟದಲ್ಲಿ ಒಬ್ಬರನ್ನೊಬ್ಬರು ಕೂಗುವುದನ್ನು ಕೇಳಿ, ಬಹಳ ಸಲ ಈ ಪ-ಗ ಇಳಿತವೇ ಇರುತ್ತದೆ. ಮಕ್ಕಳಿಗೆ ಹಾಡು ಕಲಿಸುವ ಹಂಗೆರಿಯ ಕೊಡಾಯ್ ಪದ್ಧತಿಯವರೂ ಇಲ್ಲಿಂದಲೇ ಶುರುಮಾಡುತ್ತಾರೆ. ತಂಬೂರಿಯಲ್ಲಿ ಷಡ್ಜ ನಡೆಯುತ್ತಲೇ ಇರುವುದರಿಂದ ಅದು ಕಿವಿಗೆ ಬೀಳದೆ ಹೋಗುವುದಿಲ್ಲ.

ಹಾಜರಿಯನ್ನೇ ಪಾಠ ಮಾಡಿದ್ದು:

ಕಲಿಸುವವರು: (ಹೆಸರು) ಎಲ್-ಲಿದ್-ದಿ / ಪ ಗ, ಪ ಪ ಗ
ಮಗು: ಇಲ್-ಲೇ ಇದ್-ದೀ-ನಿ / ಪ ಗ, ಪ ಪ ಗ

24 ಮಕ್ಕಳಿಗೆ ನಾಲ್ಕು ನಿಮಿಷ. ಪ್ರತಿ ಮಗುವೂ ದಿನಕ್ಕೊಮ್ಮೆ ಒಂಟಿಯಾಗಿ ಹಾಡುತ್ತದೆ, ಪರೀಕ್ಷೆ ಎನ್ನಿಸುವುದಿಲ್ಲ. ಪುಸ್ತಕದಲ್ಲಿ ಮೂರು ಗುರುತು: ಎರಡೂ ಸ್ವರ ಕೂಡಿದರೆ ಟಿಕ್, ಇಳಿತ ಸರಿಯಿದ್ದು ಶ್ರುತಿ ಬೇರೆಯಾದರೆ ಅರ್ಧ, ಮಾತಿನ ಹಾಗೆ ಹೇಳಿದರೆ ಸೊನ್ನೆ. ಆರನೇ ವಾರದ ಕೊನೆಗೆ ಟಿಕ್ 8, ಅರ್ಧ 9, ಸೊನ್ನೆ 7. ಹತ್ತನೇ ವಾರಕ್ಕೆ ಟಿಕ್ 15, ಅರ್ಧ 7, ಸೊನ್ನೆ 2.

ಅರ್ಧದವರಿಗೆ ಮಾಡಿದ್ದು: ಮಗು ಯಾವ ಶ್ರುತಿಯಲ್ಲಿ ಉತ್ತರಿಸಿತೋ ಅಲ್ಲಿಗೆ ನಾವೇ ಇಳಿದು ಇನ್ನೊಮ್ಮೆ ಕೇಳುವುದು. ದನಿ ಕೂಡಿದ ಕ್ಷಣ ಮಗುವಿನ ಮುಖದಲ್ಲೇ ಗೊತ್ತಾಗುತ್ತದೆ. ಅಲ್ಲಿಂದ ಒಂದು ಸ್ವರ ಮೇಲೆ, ಮರುದಿನ ಇನ್ನೊಂದು.

ಸೊನ್ನೆಯವರಿಗೆ ಸ್ವರ ಬೇಡ, ಜಾರು ಬೇಕು. ಬಾವಿಗೆ ಕೊಡ ಇಳಿಸಿ ಎತ್ತುವ ಆಟ: ಹಗ್ಗ ಬಿಡುವಾಗ ‘ಊ…’ ಎಂದು ದನಿ ಜಾರುತ್ತಾ ಇಳಿಯುತ್ತದೆ, ಎಳೆಯುವಾಗ ಏರುತ್ತದೆ. ‘ಊ’ಕಾರದಲ್ಲಿ ಕಿರುಚಲು ಆಗುವುದಿಲ್ಲ, ದನಿ ತಾನಾಗಿ ತಲೆಗೆ ಹೋಗುತ್ತದೆ. ‘ಆ’ಕಾರದಲ್ಲಿ ಮಾಡಿಸಿ ನೋಡಿದ್ದು, ಕೋಣೆ ಸಂತೆಯಾಯಿತು. ಮುಂದಿನ ಹಲ್ಲು ಬಿದ್ದ ಮಕ್ಕಳಿಗೆ ‘ಸ’ ಹೇಳಿಸಿದರೆ ಸೀಟಿ ಬರುತ್ತದೆ, ನಾಚಿ ಬಾಯಿ ಮುಚ್ಚುತ್ತಾರೆ. ಅವರಿಗೆ ಸ್ವರದ ಹೆಸರಿನ ಬದಲು ‘ನೂ’.

ಆದ ಒಂದು ಹಾನಿ: ಏಳನೇ ವಾರ ಒಂದು ಮಗುವನ್ನು ಎಲ್ಲರೆದುರು ‘ತಪ್ಪು, ಇನ್ನೊಮ್ಮೆ’ ಎಂದು ಮೂರು ಸಲ ಹಾಡಿಸಿದ್ದು. ಮರುದಿನದಿಂದ ಆ ಮಗು ಹಾಜರಿಗೆ ತಲೆಯಾಡಿಸಿತು, ಹಾಡಲಿಲ್ಲ. ಒಂಬತ್ತು ದಿನ ಹಾಗೇ. ಸ್ಪಷ್ಟವಾಗಿ ಹಾಡುವ ಗೆಳತಿಯ ಪಕ್ಕ ಕೂರಿಸಿ, ಇಬ್ಬರಿಗೂ ಒಟ್ಟಿಗೆ ಹಾಜರಿ ಕರೆದ ಮೇಲೆ ದನಿ ವಾಪಸು ಬಂತು. ಒಂಟಿಯಾಗಿ ತಿದ್ದುವುದನ್ನು ಅಂದಿನಿಂದ ಪೂರ್ತಿ ನಿಲ್ಲಿಸಿದ್ದು. ಈ ದಾಖಲೆಯಲ್ಲಿ ಮತ್ತೆ ಮಾಡಬಾರದು ಎಂದು ಗೆರೆ ಎಳೆದಿರುವುದು ಇದೊಂದಕ್ಕೇ.

ಪಾಠ ಈಗ 20 ನಿಮಿಷ: ಹಾಜರಿ 4, ಹೆಜ್ಜೆ-ಚಪ್ಪಾಳೆ 5, ಏಣಿ 6, ಗೊತ್ತಿರುವ ಹಾಡು 5. ಬಿಸಿಯೂಟ ಆದ ಕೂಡಲೇ ಬೇಡ, ಅರ್ಧ ಕೋಣೆ ತೂಕಡಿಸುತ್ತದೆ.

8ನೇ ವಾರ: ಗಿಲಕಿ

200 ಮಿ.ಲೀ. ಪ್ಲಾಸ್ಟಿಕ್ ಬಾಟಲಿಗಳಿಗೆ ರಾಗಿ, ಭತ್ತ, ಹುಣಸೆ ಬೀಜ. ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ ಸದ್ದು ಮುಚ್ಚಿಹೋಗುತ್ತದೆ. ರಾಗಿಗೆ ಎರಡು ಚಮಚ, ಹುಣಸೆ ಬೀಜ ಹತ್ತು ಸಾಕು. ಮುಚ್ಚಳವನ್ನು ಟೇಪಿನಿಂದ ಸುತ್ತಿದ್ದು ಸಾಲಲಿಲ್ಲ. ಎರಡನೇ ದಿನವೇ ಒಂದು ತೆರೆದು ಬೀಜ ಹೊರಬಂತು, ಸಣ್ಣ ಮಕ್ಕಳು ಅದನ್ನು ಮೂಗಿಗೆ ಹಾಕಿಕೊಳ್ಳುವುದು ಕ್ಷಣದ ಕೆಲಸ. ಎಲ್ಲಕ್ಕೂ ಎಂ-ಸೀಲ್ ಹಚ್ಚಿ ಒಂದು ರಾತ್ರಿ ಒಣಗಿಸಿದ್ದು. ನೆಲದ ಮೇಲಿನ ಬೀಜಗಳನ್ನೂ ಎಣಿಸಿ ಕೊಟ್ಟು, ಎಣಿಸಿ ವಾಪಸು ತೆಗೆದುಕೊಳ್ಳಬೇಕು.

24 ಮಾಡಿದ್ದು ತಪ್ಪು. ಎಲ್ಲರ ಕೈಗೂ ಕೊಟ್ಟರೆ ಹೆಂಚಿನ ಮಾಡಿನ ಕೋಣೆಯಲ್ಲಿ ಹಾಡು ಕೇಳುವುದಿಲ್ಲ. ಎಂಟು ಸಾಕು, ಉಳಿದವರಿಗೆ ಚಪ್ಪಾಳೆ, ಒಂದು ಸುತ್ತಿಗೆ ಕೈ ಬದಲು. ಕೊಡುವ ಮುನ್ನ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಬೇಕು. ಗಿಲಕಿ ಕೈಗೆ ಬಂದ ಮೇಲೆ ಯಾವ ಮಾತೂ ಕಿವಿಗೆ ಹೋಗದು.

ಖರ್ಚು

ಅಲ್ಯೂಮಿನಿಯಂ ಪೈಪು 12 ಅಡಿ 340 ರೂ., ಹ್ಯಾಕ್ಸಾ ಬ್ಲೇಡು ಎರಡು 30, ಮೂರು ಮಿ.ಮೀ. ಡ್ರಿಲ್ ಬಿಟ್ 40, ನೈಲಾನ್ ದಾರ 30, ಸ್ಯಾಂಡ್‌ಪೇಪರ್ 20, ಎಂ-ಸೀಲ್ 25. ಒಟ್ಟು 485 ರೂ. ಡ್ರಿಲ್ ಮತ್ತು ಅರ ಎರವಲು.

ಬಾಕಿ

ಪೈಪಿನಲ್ಲಿ ಸುಮಾರು 1.35 ಮೀಟರ್ ಉಳಿದಿದೆ. ಶುದ್ಧ ಮಧ್ಯಮಕ್ಕೆ 378.5, ಕಾಕಲಿ ನಿಷಾದಕ್ಕೆ 319 ಮಿ.ಮೀ. ಬೇಕು, ಎರಡೂ ಅದರಲ್ಲಿ ಬರುತ್ತವೆ. ಮಾಯಾಮಾಳವಗೌಳದ ಶುದ್ಧ ರಿಷಭ (423), ಶುದ್ಧ ಧೈವತ (345.5) ಸೇರಿಸಿದರೆ ನಾಲ್ಕಕ್ಕೂ ಸಾಲದು, ಹೊಸ ಪೈಪು ಬೇಕು. ರಿಷಭ ಹಾಡುವುದು ಇನ್ನೂ ಗಟ್ಟಿಯಾಗಿಲ್ಲ: ಗ-ರಿ-ಸ ಇಳಿಯುವಾಗ ಹತ್ತು ಮಕ್ಕಳಾದರೂ ರಿಷಭವನ್ನು ಬಿಟ್ಟು ನೇರ ಷಡ್ಜಕ್ಕೆ ಬೀಳುತ್ತಿದ್ದಾರೆ. ರಿಷಭದ ಪೈಪಿಗೆ ಕೆಂಪು ದಾರ ಕಟ್ಟಿ, ಅಲ್ಲಿ ಎರಡೆಣಿಕೆ ನಿಂತು ಇಳಿಯುವ ಆಟ ಸೋಮವಾರದಿಂದ.